"ಮೊದಲು ಕುಡಿತ ಬಿಡಲಿ, ಆಮೇಲೆ ನೋಡೋಣ" ಅಂದರೆ ಆಗಲ್ಲ

(ಗುರುತು ಸಿಗಬಾರದು ಅಂತ ಊರು, ವಯಸ್ಸು, ಕೆಲಸ ಎಲ್ಲವನ್ನೂ ಸ್ವಲ್ಪ ಬದಲಾಯಿಸಿದ್ದೇನೆ. ಬರೆಯಲು ಗಂಡ ಹೆಂಡತಿ ಇಬ್ಬರೂ ಒಪ್ಪಿದ್ದಾರೆ.)

ಮಲೆನಾಡಿನ ಒಂದು ತಾಲ್ಲೂಕು ಊರು. ನಲವತ್ತರ ಆಸುಪಾಸಿನ ಗಂಡಸು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ಕೆಲಸ. ಸಲಹೆ ಕೇಳಿ ನನ್ನ ಹತ್ತಿರ ಮೊದಲು ಬಂದಿದ್ದು ಅವರಲ್ಲ, ಅವರ ಹೆಂಡತಿ ಮತ್ತು ಅಣ್ಣ. ಅಣ್ಣ ಕೂತ ಕೂಡಲೇ ಶುರು ಮಾಡಿದರು: "ಎರಡು ಸಲ ಕುಡಿತ ಬಿಡಿಸೋ ಸೆಂಟರ್‌ಗೆ ಹಾಕಿದ್ವಿ ಮೇಡಂ, ಬಂದು ಮತ್ತೆ ಕುಡಿದ. ಈ ಸಲ ಆರು ತಿಂಗಳು ಹೊರಗೇ ಬಿಡದಂಥ ಜಾಗ ಇದ್ರೆ ಹೇಳಿ."

ಅಣ್ಣನನ್ನು ಹೊರಗೆ ಕೂರಿಸಿ ಹೆಂಡತಿಯನ್ನು ಒಂದೇ ಒಂದು ಪ್ರಶ್ನೆ ಕೇಳಿದೆ. ಕುಡಿಯದೇ ಇದ್ದಾಗ ಹೇಗಿರ್ತಾರೆ? "ಆಗಲೂ ಸರಿ ಇರಲ್ಲ ಮೇಡಂ. ಕೆಲವು ಸಲ ನಿದ್ದೇನೇ ಮಾಡಲ್ಲ. ರಾತ್ರಿ ಎರಡು ಗಂಟೆಗೆ ಎದ್ದು ತೋಟಕ್ಕೆ ಡ್ರಿಪ್ ಹಾಕೋ ಲೆಕ್ಕ ಬರೀತಾರೆ. ನಮಗೆ ತೋಟಾನೇ ಇಲ್ಲ."

ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಕುಡಿತ ಎದ್ದು ಕಾಣುತ್ತದೆ, ವಾಸನೆ ಬರುತ್ತದೆ, ಬೀದಿಯಲ್ಲಿ ಮಾನ ಹೋಗುತ್ತದೆ. ಹಾಗಾಗಿ ಎಲ್ಲದಕ್ಕೂ ಅದೇ ಕಾರಣ ಅಂತ ಮನೆಯವರೂ ನಂಬುತ್ತಾರೆ, ಎಷ್ಟೋ ಸಲ ಚಿಕಿತ್ಸೆ ಕೊಡುವವರೂ ನಂಬುತ್ತಾರೆ.

ಮುಂದಿನ ವಾರ ಗಂಡನೇ ಬಂದರು. ಕೈ ನಡುಗುತ್ತಿತ್ತು, ಮಾತು ಮಾತ್ರ ನೇರ. ಒಂದು ಹಾಳೆಯಲ್ಲಿ ಉದ್ದಕ್ಕೆ ಗೆರೆ ಎಳೆದು, ಮೇಲ್ಗಡೆ ನಿದ್ದೆ ಮತ್ತು ಮನಸ್ಸಿನ ಸ್ಥಿತಿ, ಕೆಳಗಡೆ ಕುಡಿತ ಅಂತ ಬರೆದು, ಹೈಸ್ಕೂಲಿನಿಂದ ಇಲ್ಲಿಯವರೆಗೆ ಇಬ್ಬರೂ ಕೂತು ತುಂಬಿದೆವು. ಹತ್ತೊಂಬತ್ತನೇ ವಯಸ್ಸಿನಲ್ಲಿ ಹಾಸಿಗೆ ಬಿಟ್ಟು ಏಳಲಾಗದೆ ತಿಂಗಳುಗಟ್ಟಲೆ ಮಲಗಿದ್ದು, ಡಿಗ್ರಿ ಅರ್ಧಕ್ಕೆ ನಿಂತಿದ್ದು. ಆಗ ಒಂದು ಹನಿ ಮುಟ್ಟಿರಲಿಲ್ಲ. ನಾಲ್ಕು ವರ್ಷದ ನಂತರ ನಿದ್ದೆ ಬೇಡ, ಊಟ ಬೇಡ, ಸಾಲ ಮಾಡಿ ಹಳೇ ಜೀಪು ತಗೊಂಡಿದ್ದು. ಕುಡಿತ ಗಟ್ಟಿಯಾಗಿ ಶುರುವಾಗಿದ್ದು ಅಲ್ಲಿಂದ. ಮಗಳು ಹುಟ್ಟಿದ ವರ್ಷ ತಾನಾಗೇ ಪೂರ್ತಿ ಬಿಟ್ಟಿದ್ದರು. ಆ ವರ್ಷವೂ ಒಂದು ದೊಡ್ಡ ಕುಸಿತ ಬಂದಿತ್ತು. ಸೋದರಮಾವನಿಗೂ "ಆಗಾಗ ತಲೆ ಕೆಡ್ತಿತ್ತು" ಅಂತೆ.

ಇಲ್ಲಿ ಒಂದು ವಿಷಯ ಬಿಡಿಸಿ ಹೇಳಬೇಕು. ಮದ್ಯವೇ ಖಿನ್ನತೆ ತರುತ್ತದೆ, ನಿದ್ದೆ ಕೆಡಿಸುತ್ತದೆ. ಹಾಗೆ ಬಂದಿದ್ದಾದರೆ ಕುಡಿತ ನಿಲ್ಲಿಸಿದ ಮೇಲೆ ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದಲ್ಲಿ ಕಡಿಮೆಯಾಗುತ್ತದೆ. ಆಮೇಲೂ ಉಳಿದರೆ, ಅಥವಾ ಕುಡಿತಕ್ಕೆ ಮುಂಚೆಯೇ ಇದ್ದರೆ, ಅದು ಬೇರೆಯೇ ಕಾಯಿಲೆ ಇರಬಹುದು. ಇವರಲ್ಲಿ ಎರಡೂ ಗುರುತು ಇದ್ದವು. ರೋಗ ಯಾವುದು ಅಂತ ಹೇಳುವುದು ಮನೋವೈದ್ಯರ ಕೆಲಸ, ನನ್ನದಲ್ಲ. ಆ ಹಾಳೆಯನ್ನೇ ಪತ್ರದ ಜೊತೆ ಇಟ್ಟು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಬೈಪೋಲಾರ್ ಅಂದರು, ಅಂದರೆ ಕೆಲವು ಕಾಲ ಮನಸ್ಸು ಖಿನ್ನತೆಗೆ ಕುಸಿದು, ಕೆಲವು ಕಾಲ ನಿದ್ದೆಯೇ ಬೇಡದ ಉನ್ಮಾದಕ್ಕೆ ಏರುವ ಕಾಯಿಲೆ. ಜೊತೆಗೆ ಮದ್ಯದ ಅವಲಂಬನೆ.

ಹಿಂದೆ ಆಗಿದ್ದೇನು ಗೊತ್ತಾ? ವ್ಯಸನ ಬಿಡಿಸುವ ಒಂದು ಕಡೆ "ಮಾನಸಿಕ ಕೇಸು ನಾವು ನೋಡಲ್ಲ" ಅಂದಿದ್ದರು. ಇನ್ನೊಂದು ಕಡೆ "ಕುಡಿತ ಬಿಟ್ಟು ಬನ್ನಿ, ಆಮೇಲೆ ಮಾತ್ರೆ" ಅಂದಿದ್ದರು. ಮೂರನೇ ಕಡೆ ಖಿನ್ನತೆಗೆ ಮಾತ್ರೆ ಸಿಕ್ಕಿತು, ಆದರೆ ಆ ನಿದ್ದೆಯಿಲ್ಲದ ದಿನಗಳ ಬಗ್ಗೆ ವೈದ್ಯರಿಗೆ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಬೈಪೋಲಾರ್ ಇರುವವರಿಗೆ ಖಿನ್ನತೆಯ ಮಾತ್ರೆ ಒಂದನ್ನೇ ಕೊಟ್ಟರೆ ಕೆಲವರು ಉನ್ಮಾದದ ಕಡೆಗೆ ತಿರುಗಿಬಿಡುತ್ತಾರೆ. ಇವರೂ ತಿರುಗಿದರು, ಬಾರಿಗೆ ಹೋದರು, ಊರವರು "ಸೆಂಟರ್‌ಗೆ ಹೋಗಿಬಂದೂ ಬುದ್ಧಿ ಬರಲಿಲ್ಲ" ಅಂದರು. ಬುದ್ಧಿಯ ಮಾತೇ ಅಲ್ಲ ಇದು. ಎರಡು ಕಾಯಿಲೆ ಒಂದಕ್ಕೊಂದು ದಾರಿ ಮಾಡಿಕೊಡುವಾಗ ಒಂದಕ್ಕೆ ಮಾತ್ರ ಔಷಧ ಕೊಟ್ಟರೆ ಇನ್ನೊಂದು ಅದನ್ನು ಮತ್ತೆ ಎಳೆದು ತರುತ್ತದೆ.

ಈಗ ನಾನು ಕೊಟ್ಟ ಸಲಹೆ. ಅಣ್ಣ "ರೂಮಲ್ಲಿ ಕೂಡಿಹಾಕಿ ನಾವೇ ಬಿಡಿಸ್ತೀವಿ" ಅಂತ ಹಠ ಹಿಡಿದಿದ್ದರಿಂದ ಮೊದಲ ಮಾತು ಅದಕ್ಕೇ. ದಿನಾ ಕುಡಿಯುವವರು, ಬೆಳಗ್ಗೆ ಕೈ ನಡುಗುವವರು, ಮನೆಯಲ್ಲಿ ಏಕಾಏಕಿ ನಿಲ್ಲಿಸಬಾರದು. ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣಿಸಿ, ಜ್ವರ ಬೆವರು ಏರಿ, ಜೀವಕ್ಕೇ ಅಪಾಯ ಆಗಬಹುದು. ಆಸ್ಪತ್ರೆಯಲ್ಲಾದರೆ ಇದಕ್ಕೆ ಮಾತ್ರೆ ಇದೆ, ಥಯಾಮಿನ್ ಅಂದರೆ ಬಿ1 ಇಂಜೆಕ್ಷನ್ ಇದೆ. ಕುಡಿಯುವವರ ಮೈಯಲ್ಲಿ ಅದು ಬರಿದಾಗಿರುತ್ತದೆ, ತೀರಾ ಕಡಿಮೆಯಾದರೆ ಮಿದುಳಿಗೇ ಪೆಟ್ಟು.

ಅಣ್ಣನ ಜೇಬಿನಲ್ಲಿ ಒಂದು ಪೊಟ್ಟಣವೂ ಇತ್ತು. ಗೋಡೆಗಳ ಮೇಲೆ "ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು" ಅಂತ ಬರೆದಿರುತ್ತದಲ್ಲ, ಆ ಬಗೆಯದು. ಸಾರಿನಲ್ಲಿ ಕಲಸಿ ಕೊಡಿ ಅಂದಿದ್ದರಂತೆ. ಎಸೆಯಿರಿ ಅಂದೆ. ಅದರಲ್ಲಿ ಏನಿದೆಯೋ ಬಲ್ಲವರಾರು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಅನ್ನೋ ಔಷಧ ಇದ್ದರಂತೂ, ಅದರ ಮೇಲೆ ಕುಡಿದವರಿಗೆ ಮುಖ ಕೆಂಪಾಗಿ, ವಾಂತಿಯಾಗಿ, ಬಿಪಿ ಬಿದ್ದುಹೋಗಬಹುದು. ವೈದ್ಯರು ಅದನ್ನು ರೋಗಿಗೆ ಹೇಳಿ, ಒಪ್ಪಿಗೆ ತಗೊಂಡು ಕೊಡುತ್ತಾರೆ. ಕೆಲವರಲ್ಲಿ ಮನಸ್ಸಿನ ಕಾಯಿಲೆಯನ್ನೇ ಕೆರಳಿಸುವ ಗುಣವೂ ಅದಕ್ಕಿದೆ.

ಎತ್ತಿಕೊಂಡು ಹೋಗಿ ಹಾಕುವ ಮಾತಿಗೂ ಉತ್ತರ ಕೊಡಬೇಕಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮದ್ಯ, ಮಾದಕ ವಸ್ತುಗಳಿಂದ ಬರುವ ಮಾನಸಿಕ ತೊಂದರೆಯೂ ಸೇರಿದೆ. ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರನ್ನು ದಾಖಲಿಸಲು ಅದರಲ್ಲಿ ದಾರಿ ಇದೆ, ಆದರೆ ಮನೋವೈದ್ಯರು ಸೇರಿ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು, ಮೊದಲ ಹಂತ 30 ದಿನ ಮೀರುವ ಹಾಗಿಲ್ಲ. ಶುರುವಿಗೇ ಆರು ತಿಂಗಳು ಬೀಗ ಹಾಕಲು ಅದರಲ್ಲಿ ಜಾಗ ಇಲ್ಲ. ಇವರಿಗೆ ಅದರ ಅಗತ್ಯವೂ ಬೀಳಲಿಲ್ಲ. "ನಿಮ್ಮ ನಿದ್ದೆಯ ಕಾಯಿಲೆಗೂ ಸೇರಿಸಿ ನೋಡ್ತಾರೆ" ಅಂದಾಗ ಅವರೇ ಆಸ್ಪತ್ರೆಗೆ ಹೊರಟರು.

ಲಿವರ್ ಪರೀಕ್ಷೆ ಚೆನ್ನಾಗಿ ಬಂದಿರಲಿಲ್ಲ. ಅದಕ್ಕೇ ವೈದ್ಯರು ಮನಸ್ಸಿನ ಏರಿಳಿತ ತಡೆಯುವ ಔಷಧಗಳಲ್ಲಿ ವ್ಯಾಲ್ಪ್ರೊಯೇಟ್ ಬೇಡ ಅಂದು, ಕಿಡ್ನಿ ಥೈರಾಯ್ಡ್ ನೋಡಿ ಲಿಥಿಯಂ ಶುರು ಮಾಡಿದರು. ಕುಡಿಯುವ ಸೆಳೆತಕ್ಕೆ ಅಕಾಂಪ್ರೊಸೇಟ್. ಎರಡೂ ಒಂದೇ ಚೀಟಿಯಲ್ಲಿ, ಒಬ್ಬರೇ ವೈದ್ಯರು. ಲಿಥಿಯಂ ತಗೊಳ್ಳುವಾಗ ಪಾಲಿಸಬೇಕಾದ್ದನ್ನು ಹೆಂಡತಿಗೂ ಬರೆದುಕೊಟ್ಟೆ: ಹೇಳಿದ ದಿನ ರಕ್ತ ಪರೀಕ್ಷೆ ತಪ್ಪಿಸಬಾರದು, ನೀರು ಚೆನ್ನಾಗಿ ಕುಡಿಯಬೇಕು, ಉಪ್ಪನ್ನು ಏಕಾಏಕಿ ಬಿಡಬಾರದು, ಸೊಂಟನೋವು ಅಂತ ಮೆಡಿಕಲ್ ಶಾಪಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗಬಾರದು. ವಾಂತಿ ಭೇದಿ ಆದರೆ, ಕೈ ಜಾಸ್ತಿ ನಡುಗಿ ನಡಿಗೆ ತೂರಾಡಿದರೆ, ಅವತ್ತೇ ಆಸ್ಪತ್ರೆ. ಲಿಥಿಯಂ ಮೈಯಲ್ಲಿ ಮಿತಿಮೀರಿದಾಗ ಹೀಗಾಗಬಹುದು. ಇದನ್ನು ಕುಡಿದ ಅಮಲು ಅಂದುಕೊಂಡು ಮಲಗಿಸಿಬಿಡುವ ಅಪಾಯ ಇಂಥ ಮನೆಗಳಲ್ಲಿ ಜಾಸ್ತಿ.

ಊರಿನ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಬಳಗ) ಸಭೆಗೂ ಹೋಗಿ ಅಂದೆ, ಹೋದರು. ಅಲ್ಲೊಬ್ಬರು "ಮಾತ್ರೆಯೂ ಒಂದು ಚಟವೇ" ಅಂದರಂತೆ. ಎಎ ಸಂಸ್ಥೆಯೇ ಸದಸ್ಯರು ವೈದ್ಯರ ಪಾತ್ರ ಮಾಡಬಾರದು ಅನ್ನುತ್ತದೆ, ಆ ಮಾತು ಕಿವಿಗೆ ಹಾಕಿಕೊಳ್ಳಬೇಡಿ, ಸಭೆ ಬಿಡಬೇಡಿ ಅಂದೆ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ಕೇಂದ್ರ ಇದೆ, ಎರಡನ್ನೂ ಸೇರಿಸಿ ನೋಡುತ್ತಾರೆ. ಆದರೆ ಪದೇ ಪದೇ ರಾತ್ರಿ ಬಸ್ಸು ಹತ್ತಿ ಹೋಗುವುದು ಇವರಿಗೆ ಆಗದ ಮಾತು. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುತ್ತಾರೆ, ಫಾಲೋಅಪ್ ಅಲ್ಲೇ ಆಗುತ್ತಿದೆ. ಮಧ್ಯೆ ಏನಾದರೂ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡಬಹುದು.

ಡಿಸ್ಚಾರ್ಜ್ ಆಗಿ ಕೆಲವು ತಿಂಗಳಿಗೆ ಒಂದು ಬೀಗರೂಟದಲ್ಲಿ ಕುಡಿದರು. "ನೋಡಿ, ಮುಗೀತು" ಅಂತ ಅಣ್ಣನ ಫೋನು. ಹೆಂಡತಿ ಮಾತ್ರ ನಿದ್ದೆ ಬರೆದಿಡುತ್ತಿದ್ದ ಪುಸ್ತಕ ಹಿಡಿದುಕೊಂಡೇ ಬಂದರು. ಊಟಕ್ಕೆ ಮೂರು ರಾತ್ರಿ ಮೊದಲೇ ನಿದ್ದೆ ನಾಲ್ಕು ಗಂಟೆಗೆ ಇಳಿದಿತ್ತು. ವೈದ್ಯರು ಲಿಥಿಯಂ ಮಟ್ಟ ನೋಡಿ ಪ್ರಮಾಣ ಸರಿಮಾಡಿದರು. ಕೆಲಸ ಹೋಗಲಿಲ್ಲ, ಸೆಂಟರ್‌ಗೂ ಹೋಗಬೇಕಾಗಲಿಲ್ಲ.

ಈಗಿನ ಜಗಳ ಎಟಿಎಂ ಕಾರ್ಡಿನದು. ಕಾರ್ಡು ತನ್ನ ಹತ್ತಿರವೇ ಇರಲಿ ಅನ್ನುತ್ತಾರೆ ಹೆಂಡತಿ, ಅದು ಅವಮಾನ ಅನ್ನುತ್ತಾರೆ ಗಂಡ. ಒಂದು ಒಪ್ಪಂದಕ್ಕೆ ಬಂದಿದ್ದೇವೆ: ಸತತ ಎರಡು ರಾತ್ರಿ ನಿದ್ದೆ ಐದು ಗಂಟೆಗಿಂತ ಕಡಿಮೆಯಾದರೆ ಗಂಡನೇ ಕಾರ್ಡನ್ನು ಹೆಂಡತಿಗೆ ಕೊಡಬೇಕು, ನಿದ್ದೆ ಸರಿಹೋಗಿ ಒಂದು ವಾರಕ್ಕೆ ವಾಪಸ್. ಆರೋಗ್ಯ ಸರಿ ಇರುವಾಗಲೇ ಬರೆದು ಸಹಿ ಹಾಕಿದ್ದಾರೆ. ಅಣ್ಣನಿಗೆ ಇದು ಸ್ವಲ್ಪವೂ ಹಿಡಿಸಿಲ್ಲ, ತಮ್ಮನ ಕೈಗೆ ಕಾರ್ಡು ಯಾವತ್ತೂ ಕೊಡಲೇಬಾರದು ಅನ್ನುತ್ತಾರೆ. ಮುಂದಿನ ಭೇಟಿಗೆ ಅವರನ್ನೂ ಕರೆದಿದ್ದೇನೆ.