ಸುಮ್ಮನಿರಬೇಡಿ, ಇವತ್ತೇ ಬರೆಯಿರಿ

ನಿಮ್ಮ ವಿಡಿಯೋ ಗೇಮ್‌ನ ಅಪ್‌ಡೇಟ್ ನಂತರ ಆಟಗಾರರು ಸಿಟ್ಟಾಗಿದ್ದಾರೆ, ಎಲ್ಲ ಸರಿಮಾಡುವವರೆಗೆ ಸುಮ್ಮನಿರಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ‘ಫೈನಲ್ ಫ್ಯಾಂಟಸಿ 14’ ಎಂಬ ಆನ್‌ಲೈನ್ ಗೇಮ್ ನೋಡಿ. 2010ರಲ್ಲಿ ಬಂದಾಗ ಅದಕ್ಕೆ ಬೈಗುಳವೇ ಜಾಸ್ತಿ. ಅದನ್ನು ತಯಾರಿಸಿದ ಕಂಪನಿ ಬಹಿರಂಗವಾಗಿ ಕ್ಷಮೆ ಕೇಳಿತು, ತಿಂಗಳ ಶುಲ್ಕ ವಸೂಲಿಯನ್ನು ಮುಂದಕ್ಕೆ ಹಾಕಿತು. ಆಟದ ನಿರ್ಮಾಣದ ಹೊಣೆಯನ್ನು ಹೊಸದಾಗಿ ಹೊತ್ತ ನವೋಕಿ ಯೋಶಿದಾ ಆಟಗಾರರಿಗೆ ಪತ್ರ ಬರೆಯತೊಡಗಿದರು. ಮುಂದೆ ನೇರಪ್ರಸಾರದಲ್ಲಿ ಕೂತು ಪ್ರಶ್ನೆಗಳಿಗೆ ಉತ್ತರಿಸಿದರು. 2013ರಲ್ಲಿ ಆಟವನ್ನೇ ಹೊಸದಾಗಿ ಕಟ್ಟಿ ಕೊಟ್ಟಾಗ ಜನ ವಾಪಸ್ ಬಂದರು.

ನೀವೂ ಇವತ್ತೇ ಬರೆಯಿರಿ. ಏನು ಕೆಟ್ಟಿದೆ, ಈಗ ಏನು ಮಾಡುತ್ತಿದ್ದೀರಿ, ಮುಂದಿನ ಸುದ್ದಿ ಯಾವಾಗ, ಇಷ್ಟು ಸಾಕು. ಖಚಿತವಿಲ್ಲದ ತಾರೀಖು ಮಾತ್ರ ಕೊಡಬೇಡಿ. ಅದು ತಪ್ಪಿದರೆ ಸಿಟ್ಟು ಇನ್ನೂ ಏರುತ್ತದೆ, ಅಲ್ವಾ? ಬೈದವರಿಗೆಲ್ಲ ಉತ್ತರ ಬೇಕಿಲ್ಲ. ತೊಂದರೆಯನ್ನು ಬಿಡಿಸಿ ಹೇಳಿದವರಿಗೆ ಮೊದಲು ಬರೆಯಿರಿ.