‘ಹಾಟ್ ಮುಟ್ಟಲ್ಲ, ಬಿಯರ್ ಮಾತ್ರ’ ಎನ್ನುವವರಿಗೆ

ಪ್ರಶ್ನೆ: ನನಗೆ 47 ವರ್ಷ. ಶನಿವಾರ ರಾತ್ರಿ ಗೆಳೆಯರ ಜೊತೆ ಎರಡು ಸ್ಟ್ರಾಂಗ್ ಬಿಯರ್ ಕುಡಿಯುತ್ತೇನೆ, ಅಷ್ಟೆ. ಹಾಟ್ ಡ್ರಿಂಕ್ಸ್ ಮುಟ್ಟಿದವನಲ್ಲ. ಈಚೆಗೆ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಯೂರಿಕ್ ಆಸಿಡ್ 8.1 ಬಂದಿದೆ, ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 1 ಫ್ಯಾಟಿ ಲಿವರ್ ಎಂದಿದ್ದಾರೆ. ಮಿತವಾಗಿ ಕುಡಿದರೆ ಬಿಯರ್ ಹೃದಯಕ್ಕೆ ಒಳ್ಳೆಯದು, ಬಾರ್ಲಿ ನೀರಿದ್ದ ಹಾಗೆ ಎನ್ನುತ್ತಾರೆ. ಮುಂದುವರಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಸದ್ಯಕ್ಕೆ ಬೇಡ. ಯಾಕೆ ಎಂಬುದನ್ನು ನಿಮ್ಮ ಬಾಟಲಿಯ ಲೇಬಲ್ಲಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರವರೆಗೂ ಆಲ್ಕೋಹಾಲ್ ಇರಬಹುದು. 650 ಮಿ.ಲೀ. ಬಾಟಲಿಯಲ್ಲಿ ಶೇ 8 ಅಂದರೆ 52 ಮಿ.ಲೀ., ತೂಕದಲ್ಲಿ ಸುಮಾರು 41 ಗ್ರಾಂ. 30 ಮಿ.ಲೀ.ನ ಒಂದು ಸ್ಮಾಲ್ ವಿಸ್ಕಿಯಲ್ಲಿ ಇರುವುದು ಸುಮಾರು 10 ಗ್ರಾಂ. ಒಂದು ಸ್ಟ್ರಾಂಗ್ ಬಾಟಲಿ ನಾಲ್ಕು ಸ್ಮಾಲ್‌ಗೆ ಸಮವಾಯಿತು. ಶನಿವಾರ ರಾತ್ರಿ ನೀವು ಎಂಟು ಸ್ಮಾಲ್ ಕುಡಿದಷ್ಟೇ ಆಲ್ಕೋಹಾಲ್ ಹೊಟ್ಟೆಗೆ ಹೋಗುತ್ತಿದೆ. ಒಂದೇ ಸಲಕ್ಕೆ 60 ಗ್ರಾಂ ಮುಟ್ಟಿದರೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅತಿ ಕುಡಿತ ಎಂದೇ ಪರಿಗಣಿಸುತ್ತದೆ. ನಿಮ್ಮದು 82. ಇದನ್ನು ಮಿತ ಎನ್ನಲು ನನಗೆ ಮನಸ್ಸು ಒಪ್ಪುತ್ತಿಲ್ಲ.

ವಾರಕ್ಕೆ ಒಂದೇ ದಿನ ತಾನೇ ಎನ್ನಬಹುದು. ಲಿವರ್ ಗಂಟೆಗೆ ಏಳೆಂಟು ಗ್ರಾಂ ಆಲ್ಕೋಹಾಲನ್ನಷ್ಟೇ ಕರಗಿಸಬಲ್ಲದು. ವಾರದ ಪಾಲನ್ನು ಒಂದೇ ರಾತ್ರಿ ಸುರಿದರೆ ಅದಕ್ಕೆ ಹತ್ತು ಗಂಟೆಗೂ ಮೀರಿದ ಕೆಲಸ. ಅಷ್ಟು ಹೊತ್ತು ಕೊಬ್ಬು ಕರಗಿಸುವ ಕೆಲಸ ಹಿಂದೆ ಬಿದ್ದು, ಆ ಕೊಬ್ಬು ಲಿವರ್‌ನಲ್ಲೇ ಶೇಖರವಾಗುತ್ತದೆ. ಎರಡು ಬಾಟಲಿಯ ಆಲ್ಕೋಹಾಲ್ ಒಂದರಿಂದಲೇ 570ರಷ್ಟು ಕ್ಯಾಲೊರಿ ಬರುತ್ತದೆ, ಜೊತೆಗಿನ ಕಬಾಬ್, ಮಿರ್ಚಿ ಬೇರೆ. ಬೆಳಗಿನ ಜಾವ ಬೈಕ್ ತೆಗೆಯುವ ಅಭ್ಯಾಸವಿದ್ದರೆ ಇನ್ನೊಂದು ಮಾತು: ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ನಿದ್ದೆ ಮಾಡಿ ಎದ್ದ ಮೇಲೂ ನೀವು ಆ ಮಿತಿಯ ಮೇಲೇ ಇರಬಹುದು.

ಯೂರಿಕ್ ಆಸಿಡ್ ವಿಷಯದಲ್ಲಂತೂ ಬಿಯರ್ ವಿಸ್ಕಿಗಿಂತ ಕೆಟ್ಟದ್ದು. ಯೀಸ್ಟ್‌ನಿಂದ ಬರುವ ಪ್ಯೂರಿನ್ ಅಂಶ ಬಿಯರ್‌ನಲ್ಲಿ ಹೆಚ್ಚು, ದೇಹದಲ್ಲಿ ಅದು ಯೂರಿಕ್ ಆಸಿಡ್ ಆಗುತ್ತದೆ. ಆಲ್ಕೋಹಾಲ್ ಅದರ ಉತ್ಪತ್ತಿಯನ್ನೂ ಹೆಚ್ಚಿಸುತ್ತದೆ, ಕಿಡ್ನಿ ಅದನ್ನು ಹೊರಹಾಕುವುದನ್ನೂ ತಡೆಯುತ್ತದೆ. ಅಮೆರಿಕದಲ್ಲಿ ಸುಮಾರು 47,000 ಗಂಡಸರನ್ನು 12 ವರ್ಷ ಗಮನಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗೌಟ್ ಎಂಬ ಕೀಲುಬೇನೆ ಬರುವ ಸಾಧ್ಯತೆ ಅತಿ ಹೆಚ್ಚು ಕಂಡದ್ದು ಬಿಯರ್ ಕುಡಿಯುವವರಲ್ಲಿ. ಕಾಲಿನ ಹೆಬ್ಬೆರಳಿನ ಬುಡ ನಡುರಾತ್ರಿ ಕೆಂಪಾಗಿ ಊದಿಕೊಂಡು, ಹೊದಿಕೆ ತಾಗಿದರೂ ಪ್ರಾಣ ಹೋಗುವಷ್ಟು ನೋವು ಬಂದರೆ ಅದು ಗೌಟ್ ಇರಬಹುದು. ನಿಮಗೆ ಇನ್ನೂ ಬಂದಿಲ್ಲ, ಬರದಂತೆ ನೋಡಿಕೊಳ್ಳಲು ಸಮಯವಿದೆ. ನೋವಿಲ್ಲದೆ ರಿಪೋರ್ಟಿನಲ್ಲಿ ಮಾತ್ರ ಹೆಚ್ಚಿದ್ದಾಗ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ನೀವೇ ಶುರು ಮಾಡಬೇಡಿ.

ಹೃದಯಕ್ಕೆ ಒಳ್ಳೆಯದು ಎಂಬ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಕುಡಿಯದವರಿಗಿಂತ ಸ್ವಲ್ಪ ಕುಡಿಯುವವರಲ್ಲಿ ಹೃದಯಾಘಾತ ಕಡಿಮೆ ಎಂದು ಹಳೆಯ ಅಧ್ಯಯನಗಳು ಹೇಳಿದ್ದು ನಿಜ. ಆದರೆ ಆ ‘ಕುಡಿಯದವರ’ ಗುಂಪಿನಲ್ಲಿ ಕಾಯಿಲೆ ಬಂದು ಕುಡಿತ ಬಿಟ್ಟವರೂ ಸೇರಿದ್ದರು, ಹಾಗಾಗಿ ಕುಡಿಯುವವರೇ ಗಟ್ಟಿಮುಟ್ಟಾಗಿ ಕಂಡರು. ಚೀನಾದಲ್ಲಿ ಐದು ಲಕ್ಷ ಜನರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಡಿತ ಕಡಿಮೆ ಮಾಡಿಸುವ ವಂಶವಾಹಿಗಳನ್ನು ಆಧಾರವಾಗಿಟ್ಟು ನೋಡಿದಾಗ ಪಾರ್ಶ್ವವಾಯುವಿನಿಂದ ರಕ್ಷಣೆ ಸಿಗುವುದು ಕಾಣಲೇ ಇಲ್ಲ. ಕುಡಿತ ಹೆಚ್ಚಿದಷ್ಟೂ ಬಿಪಿಯೂ ಪಾರ್ಶ್ವವಾಯುವೂ ಹೆಚ್ಚಿದ್ದವು. ಇನ್ನು ಕ್ಯಾನ್ಸರ್: ಆಲ್ಕೋಹಾಲ್ ಕ್ಯಾನ್ಸರ್ ತರುತ್ತದೆ ಎಂದು 1988ರಲ್ಲೇ ಅಧಿಕೃತವಾಗಿ ಘೋಷಣೆಯಾಗಿದೆ. ಸುರಕ್ಷಿತ ಎನ್ನಬಹುದಾದ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಕಡಿಮೆ ಕುಡಿದರೆ ಅಪಾಯ ಕಡಿಮೆ, ಅದು ಖಂಡಿತ ನಿಜ. ಲಾಭ ಎನ್ನುವುದನ್ನು ಮಾತ್ರ ಮರೆತುಬಿಡಿ. ಬಾರ್ಲಿ ಬೇಕಿದ್ದರೆ ಮನೆಯಲ್ಲೇ ಬೇಯಿಸಿ ಕುಡಿಯಿರಿ.

ಮೂರು ತಿಂಗಳು ಪೂರ್ತಿ ಬಿಡಿ. ಆಮೇಲೆ ಯೂರಿಕ್ ಆಸಿಡ್, ಲಿವರ್ ಟೆಸ್ಟ್, ಬಿಪಿ, ಶುಗರ್ ಮತ್ತೆ ನೋಡಿಸಿ. ಗ್ರೇಡ್ 1 ಫ್ಯಾಟಿ ಲಿವರ್ ಹಿಂದಕ್ಕೆ ಹೋಗಬಲ್ಲದು, ತೂಕ ಇಳಿಸಿದರೆ ಇನ್ನೂ ಬೇಗ. ಅನಂತರವೂ ಗೆಳೆಯರ ಜೊತೆ ಕೂರುವುದಾದರೆ, ವೈದ್ಯರು ಒಪ್ಪಿದಲ್ಲಿ, ಊಟದ ಜೊತೆ ಮೈಲ್ಡ್‌ನ ಒಂದು 330 ಮಿ.ಲೀ. ಪಿಂಟ್‌ಗೆ ನಿಲ್ಲಿಸಿ. ಶೇ 5ರ ಆ ಪಿಂಟ್‌ನಲ್ಲೂ 13 ಗ್ರಾಂ ಇರುತ್ತದೆ.

(ದಿನವೂ ಹೆಚ್ಚು ಕುಡಿಯುವ ಓದುಗರು ಇದನ್ನು ಓದಿ ದಿಢೀರನೆ ಬಿಡಬಾರದು. ಕೈ ನಡುಕ, ಫಿಟ್ಸ್ ಬರಬಹುದು. ವೈದ್ಯರ ನಿಗಾದಲ್ಲೇ ಬಿಡಬೇಕು.)

ಪ್ರಶ್ನೆ: ನಮ್ಮ ಯಜಮಾನರಿಗೆ 5 ಮಿ.ಮೀ. ಕಿಡ್ನಿ ಸ್ಟೋನ್ ಇದೆ. ಬಿಯರ್ ಕುಡಿದರೆ ಕಲ್ಲು ಕರಗಿ ಹೋಗುತ್ತದೆ ಎಂದು ಅವರ ಸ್ನೇಹಿತರು ಹೇಳುತ್ತಿದ್ದಾರೆ. ನಿಜವೇ?
– ಓದುಗರು, ಕಲಬುರಗಿ

ಉತ್ತರ: ಕರಗುವುದಿಲ್ಲ, ಅಮ್ಮಾ. ದೇಹದಲ್ಲಿ ನೀರು ಉಳಿಸುವ ಹಾರ್ಮೋನನ್ನು ಆಲ್ಕೋಹಾಲ್ ತಡೆಯುವುದರಿಂದ ಮೂತ್ರ ಹೆಚ್ಚು ಬರುತ್ತದೆ, ಅದನ್ನೇ ಗುಣ ಎಂದುಕೊಳ್ಳುತ್ತಾರೆ. ಆಮೇಲೆ ದೇಹ ಒಣಗಿ ಮೂತ್ರ ಗಟ್ಟಿಯಾಗುತ್ತದೆ, ಕಲ್ಲಿಗೆ ಅದು ಅನುಕೂಲ. ನೋವಿನ ಮಾತ್ರೆಯ ಮೇಲೆ ಬಿಯರ್ ಕುಡಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಭಯವೂ ಇದೆ. 5 ಮಿ.ಮೀ. ಕಲ್ಲು ಬಹಳ ಸಲ ತಾನಾಗಿಯೇ ಹೊರಬೀಳುತ್ತದೆ. ದಿನಕ್ಕೆ ಎರಡರಿಂದ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ನೀರು ಕುಡಿಯಲಿ, ನಿಮ್ಮೂರಿನ ಬಿಸಿಲಿಗೆ ಇನ್ನೂ ಹೆಚ್ಚು ಬೇಕು. ಚಳಿ ಜ್ವರ ಬಂದರೆ ಅಥವಾ ಮೂತ್ರ ನಿಂತುಹೋದರೆ ನಾಳೆಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.