ಸಂಪಾದಕರ ಉತ್ತರ: ಉತ್ತರ ತಿದ್ದುವ ಮೇಷ್ಟ್ರನ್ನು ಹುಡುಕಿ

ಹಾವೇರಿ ಜಿಲ್ಲೆಯ ಓದುಗರೊಬ್ಬರ ಪತ್ರದ ಸಾರ ಇದು: "ಬಿ.ಕಾಂ. ಮುಗಿಸಿ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜಿನಲ್ಲಿ ಮೂರು ವರ್ಷದ ಎಲ್‌ಎಲ್‌ಬಿ ಓದುತ್ತಿದ್ದೇನೆ. ಕ್ರಿಮಿನಲ್ ಲಾ ಪೇಪರ್ ಒಮ್ಮೆ ಹೋಗಿದೆ. ತರಗತಿಯಲ್ಲಿ ಕೇಳಿದಾಗ ಎಲ್ಲ ತಿಳಿದಂತಿರುತ್ತದೆ, ಬರೆಯಲು ಕುಳಿತರೆ ಏನೂ ತೋಚುವುದಿಲ್ಲ. ಮನೆಪಾಠದಂತೆ ಒಬ್ಬರೇ ಗುರುಗಳ ಬಳಿ ಕಲಿಯಬೇಕೆಂದಿದ್ದೇನೆ. ಅಕಾಡೆಮಿಯೊಂದು ಮೂರು ತಿಂಗಳಿಗೆ 36,000 ರೂಪಾಯಿ ಮುಂಗಡ ಕೇಳುತ್ತಿದೆ. ಯಾರನ್ನು ಹುಡುಕಲಿ? ಒಳ್ಳೆಯವರೆಂದು ತಿಳಿಯುವುದು ಹೇಗೆ? ಕನ್ನಡದಲ್ಲಿ ಉತ್ತರ ಬರೆದರೆ ನಷ್ಟವೇ?"

ನಿಮ್ಮ ತೊಂದರೆ ಏನೆಂಬುದು ಪತ್ರದಲ್ಲೇ ಇದೆ. ಕೇಳಿದ್ದು ತಿಳಿಯುತ್ತದೆ, ಬರೆಯಲು ಬರುವುದಿಲ್ಲ. ಹಾಗಿರುವಾಗ ಇನ್ನೊಬ್ಬರು ಬಂದು ಅದೇ ಪಾಠವನ್ನು ಮತ್ತೆ ಹೇಳಿದರೆ ನಿಮಗೆ ಸಿಗುವುದು ಕೇಳುವ ಸುಖ ಮಾತ್ರ. ನೀವು ಬರೆದ ಎರಡು ಪುಟವನ್ನು ಮುಂದಿಟ್ಟುಕೊಂಡು, ಎಲ್ಲಿ ಅಂಶ ಬಿಟ್ಟಿರಿ, ಎಲ್ಲಿ ಸಂಗತಿಗೆ ಕಾನೂನನ್ನು ಹೊಂದಿಸಲಿಲ್ಲ ಎಂದು ಗುರುತು ಹಾಕಿ ಮತ್ತೆ ಬರೆಸುವವರು ನಿಮಗೆ ಬೇಕು. ದುಡ್ಡು ಕೊಡುವುದಿದ್ದರೆ ಆ ತಿದ್ದುಪಡಿಗೆ ಕೊಡಿ. ಸೆಕ್ಷನ್ ಓದಿ ಅರ್ಥ ಹೇಳುವ ಪಾಠಕ್ಕೆ ಕಾಲೇಜು ಇದೆ. ಬೇರ್ ಆಕ್ಟ್ (ವ್ಯಾಖ್ಯಾನವಿಲ್ಲದ ಕಾನೂನಿನ ಮೂಲಪಠ್ಯ) ಅಗ್ಗವಾಗಿ ಸಿಗುತ್ತದೆ, ಕೇಂದ್ರ ಸರ್ಕಾರದ ಇಂಡಿಯಾ ಕೋಡ್ ಜಾಲತಾಣದಲ್ಲಂತೂ ಪುಕ್ಕಟೆ.

ಅಕಾಡೆಮಿಯವರನ್ನು ಒಂದೇ ಪ್ರಶ್ನೆ ಕೇಳಿ: 36,000ಕ್ಕೆ ನನ್ನೊಬ್ಬನ ಜೊತೆ ಕೂರುವ ಗಂಟೆಗಳೆಷ್ಟು, ತಿದ್ದಿಕೊಡುವ ಉತ್ತರಗಳೆಷ್ಟು? 24 ಗಂಟೆ ಎಂದರೆ ಗಂಟೆಗೆ 1,500 ಬಿತ್ತು. ಅಷ್ಟು ಕೊಡಬಹುದೋ ಬೇಡವೋ ಎಂದು ನಿಮ್ಮ ಊರಿನ ದರಕ್ಕೆ ಹೋಲಿಸಿ ನೋಡಬಹುದು. ಗಂಟೆಯ ಲೆಕ್ಕ ಕೊಡದೆ "ನೋಟ್ಸ್, ವಿಡಿಯೊ, ವಾಟ್ಸ್‌ಆ್ಯಪ್ ಗುಂಪು ಎಲ್ಲ ಸೇರಿದೆ" ಎಂದರೆ ಅದು ಮನೆಪಾಠವಲ್ಲ, ಅಲ್ಲಿ ನಿಮ್ಮ ಹಾಳೆಯನ್ನು ಯಾರೂ ನೋಡುವುದಿಲ್ಲ. ನ್ಯಾಯಾಧೀಶರ ನೇಮಕಾತಿಯ ಪ್ರಿಲಿಮ್ಸ್‌ಗೆ ತರಬೇತಿ ಕೊಡುವ ಆನ್‌ಲೈನ್ ತರಗತಿಗಳೂ ನಿಮಗೆ ಹೊಂದುವುದಿಲ್ಲ. ನಾಲ್ಕರಲ್ಲಿ ಸರಿಯಾದುದನ್ನು ಆರಿಸುವ ಅಭ್ಯಾಸವೇ ಬೇರೆ, 10 ಅಂಕದ ಉತ್ತರ ಕಟ್ಟುವ ಅಭ್ಯಾಸವೇ ಬೇರೆ.

ಎಲ್ಲಿ ಹುಡುಕಬೇಕು? ಮೊದಲು ಕಾಲೇಜಿನಲ್ಲೇ. 1979ರ ನಿಯಮಗಳ ಪ್ರಕಾರ ವಕೀಲಿ ಮಾಡುತ್ತಿರುವವರು ದಿನಕ್ಕೆ 3 ಗಂಟೆ ಮೀರದಂತೆ ಕಾನೂನು ಕಾಲೇಜಿನಲ್ಲಿ ಪಾಠ ಮಾಡಬಹುದು. ಹೀಗಾಗಿ ಹಲವು ಕಾಲೇಜುಗಳಲ್ಲಿ ಅರೆಕಾಲಿಕ ಉಪನ್ಯಾಸಕರು ವಕೀಲರೇ. ಕ್ರಿಮಿನಲ್ ಕಡೆ ಪ್ರಾಕ್ಟೀಸ್ ಮಾಡುವವರು, ಜೊತೆಗೆ ಮೌಲ್ಯಮಾಪನದ ಅನುಭವವೂ ಇರುವವರು ಅವರಲ್ಲಿ ಯಾರೆಂದು ವಿಚಾರಿಸಿ. ಅಂಥವರು ಸಿಕ್ಕರೆ ಬೇರೆಡೆ ಹೋಗಬೇಕಿಲ್ಲ. ಸಿಗದಿದ್ದರೆ ತಾಲ್ಲೂಕು ಅಥವಾ ಜಿಲ್ಲಾ ವಕೀಲರ ಸಂಘಕ್ಕೆ ಹೋಗಿ, ಐದರಿಂದ ಹತ್ತು ವರ್ಷ ಸೆಷನ್ಸ್ ಪ್ರಕರಣ ನಡೆಸಿದ, ಎಲ್‌ಎಲ್‌ಎಂ ಮಾಡಿದ ಕಿರಿಯ ವಕೀಲರನ್ನು ಕೇಳಿ. ಹೆಸರಾಂತ ಹಿರಿಯ ವಕೀಲರ ಹಿಂದೆ ಹೋಗಬೇಡಿ ಎಂದು ನಾವು ಹೇಳುತ್ತೇವೆ. ಅವರ ಜ್ಞಾನದ ಬಗ್ಗೆ ಅನುಮಾನವಿಲ್ಲ, ಆದರೆ ಸಂಜೆ ಆರರ ಮೇಲೆ ಅವರ ಆಫೀಸಿನ ತುಂಬ ಕಕ್ಷಿದಾರರಿರುತ್ತಾರೆ, ನಿಮ್ಮ ಪಾಠ ಎರಡನೇ ವಾರಕ್ಕೇ ತಪ್ಪುತ್ತದೆ. ಯಾರೇ ಆಗಲಿ, ಬೆಳಿಗ್ಗೆ 7ರಿಂದ 8.30 ಅಥವಾ ಭಾನುವಾರ ಗೊತ್ತು ಮಾಡಿಕೊಳ್ಳಿ. ನಿವೃತ್ತ ಸರ್ಕಾರಿ ಅಭಿಯೋಜಕರು ಸಿಕ್ಕರೆ ಅದೃಷ್ಟ. ಅಪರಾಧದ ಒಂದೊಂದು ಅಂಶವನ್ನೂ ಬಿಡಿಸಿ ರುಜುವಾತು ಮಾಡುವುದೇ ಅವರ ಜೀವಮಾನದ ಕೆಲಸವಾಗಿತ್ತು, ನಿಮ್ಮ ಉತ್ತರಕ್ಕೂ ಬೇಕಾದದ್ದು ಅದೇ. ಸೇವೆಯಲ್ಲಿರುವ ಅಭಿಯೋಜಕರನ್ನು ಮಾತ್ರ ಕೇಳಬೇಡಿ, ಸರ್ಕಾರಿ ನೌಕರರು ಅನುಮತಿಯಿಲ್ಲದೆ ಖಾಸಗಿ ಸಂಪಾದನೆಗೆ ಇಳಿಯುವಂತಿಲ್ಲ.

ಇನ್ನು ಪರೀಕ್ಷಿಸುವ ಬಗೆ. ಗುರುಗಳನ್ನು ಪರೀಕ್ಷಿಸುವುದು ಅವಿನಯವೆಂದು ಹಿಂಜರಿಯಬೇಡಿ. ಒಂದು ತರಗತಿಗೆ ದುಡ್ಡು ಕೊಟ್ಟು ಕೂತು, ಸಂದೇಹ ಕೇಳುವಂತೆ ಮೂರು ಪ್ರಶ್ನೆ ಇಡಿ.

ಮೊದಲನೆಯದು: "ಘಟನೆ 2024ರ ಜೂನ್ 20ರದ್ದು, ಎಫ್‌ಐಆರ್ ಆದದ್ದು ಜುಲೈ 5ಕ್ಕೆ. ಯಾವ ಕಾನೂನು?" ಐಪಿಸಿಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಸೇರಿ ಹೊಸ ಮೂರು ಕ್ರಿಮಿನಲ್ ಕಾನೂನುಗಳು ಜಾರಿಯಾದದ್ದು 2024ರ ಜುಲೈ 1ರಂದು. ಅಪರಾಧ ಅದಕ್ಕೂ ಮುಂಚಿನದಾದ್ದರಿಂದ ಐಪಿಸಿಯೇ ಅನ್ವಯಿಸುತ್ತದೆ, ಜುಲೈ 1ಕ್ಕೆ ಬಾಕಿ ಇದ್ದ ತನಿಖೆ ಅಲ್ಲವಾದ್ದರಿಂದ ತನಿಖೆಯ ವಿಧಾನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯದು. ಇದನ್ನು, ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನಿನಂತೆಯೇ ಶಿಕ್ಷೆ ಎನ್ನುವ ಸಂವಿಧಾನದ 20(1)ನೇ ವಿಧಿಗೂ, ಬಾಕಿ ತನಿಖೆಗಳನ್ನು ಹಳೆಯ ವಿಧಾನಕ್ಕೆ ಬಿಡುವ ಸುರಕ್ಷಾ ಸಂಹಿತೆಯ ಸೆಕ್ಷನ್ 531ಕ್ಕೂ ಜೋಡಿಸಿ ಹೇಳುವವರಿಗೆ ಬುಡ ಗಟ್ಟಿಯಿದೆ.

ಎರಡನೆಯದು: "ಠಾಣೆಗೆ ದೂರು ಹೋದ ಕೂಡಲೇ ಎಫ್‌ಐಆರ್ ಕಡ್ಡಾಯವೇ?" ಸಂಜ್ಞೇಯ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಬಹುದಾದ) ಅಪರಾಧವಾದರೆ ಕಡ್ಡಾಯ ಎಂದ ಸುಪ್ರೀಂ ಕೋರ್ಟಿನ 2013ರ ಲಲಿತಾ ಕುಮಾರಿ ತೀರ್ಪನ್ನು ಹೇಳಿ ನಿಲ್ಲಿಸಿದರೆ ಅರ್ಧ ಉತ್ತರವಾಯಿತು. ಸುರಕ್ಷಾ ಸಂಹಿತೆಯ ಸೆಕ್ಷನ್ 173(3) ಬಂದ ಮೇಲೆ, 3 ವರ್ಷ ಅಥವಾ ಹೆಚ್ಚು, ಆದರೆ 7 ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಸಂಜ್ಞೇಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ನಡೆಸಬಹುದು. ಇದು ಗೊತ್ತಿಲ್ಲದವರು ಹಳೆಯ ನೋಟ್ಸನ್ನೇ ಓದಿಸುತ್ತಿದ್ದಾರೆ ಎಂದರ್ಥ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. "ಬದುವಿನ ಜಗಳ. ಮಾತಿಗೆ ಮಾತು ಬೆಳೆದು ಒಬ್ಬ ಕೈಗೆ ಸಿಕ್ಕ ಬಡಿಗೆಯಿಂದ ಇನ್ನೊಬ್ಬನ ತಲೆಗೆ ಒಂದೇಟು ಹೊಡೆದ. ಮೂರನೇ ದಿನ ಆತ ಸತ್ತ. ಏನು ಅಪರಾಧ?" ತಟ್ಟನೆ "ಕೊಲೆ, ಸೆಕ್ಷನ್ 103" ಎನ್ನುವವರಿಂದ ನೀವು ಕಲಿಯುವುದು ಕಡಿಮೆ. ಒಳ್ಳೆಯ ಮೇಷ್ಟ್ರು ಉತ್ತರ ಹೇಳುವ ಬದಲು ನಿಮ್ಮನ್ನೇ ಕೇಳಲು ತೊಡಗುತ್ತಾರೆ. ಬಡಿಗೆ ಎಂಥದು? ಏಟಿನ ರಭಸ ಎಷ್ಟು? ಆ ಗಾಯ ಮಾಡುವ ಉದ್ದೇಶ ಇತ್ತೇ? ಸಹಜಗತಿಯಲ್ಲಿ ಸಾವು ತರಲು ಆ ಗಾಯ ಸಾಕೇ? ನ್ಯಾಯ ಸಂಹಿತೆಯಲ್ಲಿ ಕೊಲೆ ಎಂದರೇನೆಂದು ಹೇಳುವ 101ರ ಮೂರನೇ ಉಪವಾಕ್ಯಕ್ಕೆ ಬೀಳುತ್ತದೆಯೇ? ಇಲ್ಲಿ 1958ರ ವಿರ್ಸಾ ಸಿಂಗ್ ತೀರ್ಪು ಬರಬೇಕು, ಅಲ್ಲೂ ಭರ್ಜಿಯ ಒಂದೇ ತಿವಿತ. ಆಮೇಲೆ ನಾಲ್ಕನೇ ವಿನಾಯಿತಿ: ಮೊದಲೇ ಯೋಚಿಸದೆ ದಿಢೀರನೆ ಎದ್ದ ಜಗಳವೇ, ಅನುಚಿತ ಲಾಭ ಪಡೆದನೇ, ಕ್ರೂರವಾಗಿ ವರ್ತಿಸಿದನೇ? ವಿನಾಯಿತಿ ಒಪ್ಪಿದರೆ 103 ಬಿಟ್ಟು 105ಕ್ಕೆ, ಅಂದರೆ ಕೊಲೆಯೆನಿಸದ ನರಹತ್ಯೆಗೆ ಬರುತ್ತೇವೆ. ಈ ಪ್ರಶ್ನೆಗಳ ಸಾಲನ್ನೇ ಹಾಳೆಗಿಳಿಸಿದರೆ ಉತ್ತರವಾಗುತ್ತದೆ. ನಿಮಗೆ ತೋಚದೇ ಇರುವುದು ಈ ಸಾಲೇ ಹೊರತು ಸೆಕ್ಷನ್ ಸಂಖ್ಯೆಯಲ್ಲ.

ಸಂಖ್ಯೆಯ ಗೊಂದಲ ಬೇರೆಯೇ ಇದೆ. ಐಪಿಸಿಯ 511 ಸೆಕ್ಷನ್‌ಗಳು ನ್ಯಾಯ ಸಂಹಿತೆಯಲ್ಲಿ 358 ಆಗಿವೆ. ದಶಕಗಳ ರೂಢಿಯಿಂದ ವಕೀಲರ ಬಾಯಲ್ಲಿ 302 (ಕೊಲೆ), 420 (ವಂಚನೆ), 34 (ಸಮಾನ ಆಶಯ) ಎಂದೇ ಬರುತ್ತದೆ, ಅದನ್ನು ತಪ್ಪೆನ್ನಲಾಗದು. ಹಳೆಯ ಪ್ರಕರಣಗಳು ಆ ಸಂಖ್ಯೆಯಲ್ಲೇ ನಡೆಯುತ್ತಿವೆ. ಆದರೆ ನಿಮ್ಮ ಮೇಷ್ಟ್ರು ಕೂಡಲೇ 103, 318(4), 3(5) ಎಂದು ಹೊಸದನ್ನೂ ಹೇಳಬೇಕು. ಎರಡು ಕಾಲಂ ಎಳೆದು ಹಳೆಯದು, ಹೊಸದು ಎಂದು 60 ಸೆಕ್ಷನ್‌ಗಳ ಪಟ್ಟಿಯನ್ನು ನೀವೇ ಕೈಯಾರೆ ಬರೆದುಕೊಳ್ಳಿ. ಅಚ್ಚಾದ ಪಟ್ಟಿ ಕಣ್ಣಿಗೆ ಕಾಣುತ್ತದೆ, ಮನಸ್ಸಿನಲ್ಲಿ ಉಳಿಯುವುದಿಲ್ಲ.

ಕನ್ನಡದಲ್ಲಿ ಬರೆದರೆ ನಷ್ಟವಿಲ್ಲ. ಉತ್ತರಪತ್ರಿಕೆ ಪೂರ್ತಿ ಕನ್ನಡದಲ್ಲಿರಬೇಕು ಅಥವಾ ಪೂರ್ತಿ ಇಂಗ್ಲಿಷಿನಲ್ಲಿರಬೇಕು ಎಂದು ಪ್ರಶ್ನೆಪತ್ರಿಕೆಯ ಸೂಚನೆಯೇ ಹೇಳುತ್ತದೆ. ಒಂದು ಉತ್ತರ ಅದರಲ್ಲಿ, ಇನ್ನೊಂದು ಇದರಲ್ಲಿ ಎಂದಾಗಬಾರದು. ನಷ್ಟ ಆಗುವುದು ಪತ್ರಿಕೆಯ ಕನ್ನಡವನ್ನು ಕಾನೂನಿನ ಕನ್ನಡವೆಂದುಕೊಂಡಾಗ. ಸುದ್ದಿಯಲ್ಲಿ ಇಬ್ಬರು ಬೈಕಿನಲ್ಲಿ ಬಂದು ಸರ ಕಿತ್ತರೂ ದರೋಡೆ, ಎಂಟು ಜನ ಮನೆಗೆ ನುಗ್ಗಿದರೂ ದರೋಡೆ, ಬೆದರಿಸಿ ಹಣ ಕಿತ್ತರೆ ಸುಲಿಗೆ. ನ್ಯಾಯ ಸಂಹಿತೆಯಲ್ಲಿ ಕಳವು 303, ಕಿತ್ತುಕೊಂಡು ಓಡುವ ಸ್ನ್ಯಾಚಿಂಗ್ 304, ಬೆದರಿಕೆಯ ಎಕ್ಸ್‌ಟಾರ್ಷನ್ 308, ರಾಬರಿ 309, ಐದು ಅಥವಾ ಹೆಚ್ಚು ಜನ ಕೂಡಿದರೆ ಡಕಾಯಿತಿ 310. ಪದ ಜಾರಿದರೆ ಉತ್ತರವೇ ಬೇರೆ ಅಪರಾಧದ್ದಾಗುತ್ತದೆ. ನಿಮ್ಮ ಮೇಷ್ಟ್ರು ಕನ್ನಡದ ಕಾನೂನು ಬರಹವನ್ನು ತಿದ್ದಬಲ್ಲವರೇ ಎಂದು ಮೊದಲ ದಿನವೇ ನೋಡಿಕೊಳ್ಳಿ. ಇಂಗ್ಲಿಷಿನಲ್ಲಿ ಪಾಠ ಹೇಳಿ "ಕನ್ನಡದಲ್ಲಿ ನೀವೇ ಬರೆದುಕೊಳ್ಳಿ" ಎನ್ನುವವರು ನಿಮಗೆ ಬೇಡ.

ಎಷ್ಟು ತರಗತಿ ಬೇಕು? ವಾರಕ್ಕೆ ಎರಡರಂತೆ, ಒಂದೂವರೆ ಗಂಟೆಯ 16 ತರಗತಿ, ಅಂದರೆ ಎರಡು ತಿಂಗಳು ಸಾಕು. ಮೂಲತತ್ವಕ್ಕೆ 1, ಸಾಮಾನ್ಯ ವಿನಾಯಿತಿಗಳಿಗೆ 3, ಜಂಟಿ ಹೊಣೆ, ಪ್ರಚೋದನೆ, ಒಳಸಂಚು, ಪ್ರಯತ್ನಕ್ಕೆ 3, ದೇಹದ ವಿರುದ್ಧದ ಅಪರಾಧಗಳಿಗೆ 4, ಸ್ವತ್ತಿಗೆ 2, ಮಹಿಳೆಯರ ವಿರುದ್ಧದ ಅಪರಾಧಗಳಿಗೆ 1, ಕೊನೆಯ 2 ಪೂರ್ಣ ಪ್ರಶ್ನೆಪತ್ರಿಕೆಗೆ. ಜಂಟಿ ಹೊಣೆಯ ಪಾಠವನ್ನು ಅವಸರದಲ್ಲಿ ಮುಗಿಸಲು ಬಿಡಬೇಡಿ. ಸಮಾನ ಆಶಯದ (ಕಾಮನ್ ಇಂಟೆನ್ಷನ್) 3(5)ಕ್ಕೂ ಸಮಾನ ಉದ್ದೇಶದ (ಕಾಮನ್ ಆಬ್ಜೆಕ್ಟ್) 190ಕ್ಕೂ ಇರುವ ಗೆರೆ ಅನೇಕರಿಗೆ ಮಸುಕು. 190ಕ್ಕೆ ಅಕ್ರಮ ಕೂಟ ಬೇಕು, ಅಕ್ರಮ ಕೂಟಕ್ಕೆ ಕನಿಷ್ಠ ಐವರು ಬೇಕು. ನಾಲ್ವರೇ ಇದ್ದರೆಂದು ಪ್ರಶ್ನೆ ಸ್ಪಷ್ಟವಾಗಿ ಹೇಳುವಾಗ 190 ಬರೆದರೆ, ಮುಂದೆ ಎಷ್ಟು ಚೆನ್ನಾಗಿ ಬರೆದರೂ ಬುನಾದಿ ಕುಸಿದಿರುತ್ತದೆ.

ತರಗತಿ ನಡೆಯುವ ಕ್ರಮವನ್ನೂ ಮೊದಲೇ ಮಾತಾಡಿಕೊಳ್ಳಿ. ಮೊದಲ 30 ನಿಮಿಷ, ಹಿಂದಿನ ಬಾರಿ ಕೊಟ್ಟ ಉತ್ತರದ ತಿದ್ದುಪಡಿ. ನಡುವಿನ 40 ನಿಮಿಷ, ನೀವು ಓದಿಕೊಂಡು ಬಂದ ಸೆಕ್ಷನ್‌ಗಳ ಮೇಲೆ ಸಮಸ್ಯೆ ಬಿಡಿಸುವುದು. ಕೊನೆಯ 20 ನಿಮಿಷ, ಗಡಿಯಾರ ಇಟ್ಟು ಬರೆಯುವುದು. ಗಡಿಯಾರ ಏಕೆಂದರೆ ನಿಮ್ಮ ಪತ್ರಿಕೆ 80 ಅಂಕದ್ದು, 3 ಗಂಟೆಯದು, ಐದು ಘಟಕಗಳಿಂದ ತಲಾ ಒಂದು 10 ಅಂಕದ ಪ್ರಬಂಧ ಮತ್ತು ಒಂದು 6 ಅಂಕದ ಟಿಪ್ಪಣಿ ಅಥವಾ ಸಮಸ್ಯೆ. 10 ಅಂಕಕ್ಕೆ 20 ನಿಮಿಷ, 6ಕ್ಕೆ 13 ನಿಮಿಷ ಇಟ್ಟುಕೊಂಡರೆ 165 ನಿಮಿಷವಾಗುತ್ತದೆ, ಪ್ರಶ್ನೆ ಓದಲು 15 ಉಳಿಯುತ್ತದೆ. ಗೊತ್ತಿರುವ ಮೊದಲ ಪ್ರಶ್ನೆಗೆ 45 ನಿಮಿಷ ಸುರಿದು ಕೊನೆಯ ಘಟಕವನ್ನು ಖಾಲಿ ಬಿಟ್ಟವರು ಬಹಳ ಮಂದಿ. ಅಲ್ಲಿ ಹೋಗುವುದು 16 ಅಂಕ.

ಹಣವನ್ನು ನಾಲ್ಕು ತರಗತಿಗೊಮ್ಮೆ ಕೊಡಿ, ಮುಂಗಡ ಬೇಡ. ಖರ್ಚು ಹೆಚ್ಚೆನಿಸಿದರೆ ಇಬ್ಬರು ಸಹಪಾಠಿಗಳನ್ನು ಸೇರಿಸಿಕೊಳ್ಳಿ. ಮೂವರ ಮೇಲೆ ಬೇಡ, ಮತ್ತು ತಿದ್ದುಪಡಿ ಒಬ್ಬೊಬ್ಬರದೂ ಬೇರೆಯಾಗಿಯೇ ಆಗಲಿ. ನಾಲ್ಕು ತರಗತಿ ಕಳೆದರೂ ನಿಮ್ಮ ಹಾಳೆಯ ಮೇಲೆ ಅವರ ಅಕ್ಷರ ಬೀಳದಿದ್ದರೆ, ಬರೀ ನೋಟ್ಸ್ ಬರೆಸುತ್ತಿದ್ದರೆ, "ಈ ಸಲ ಇವೇ ಐದು ಪ್ರಶ್ನೆ ಬರುತ್ತವೆ" ಎಂದು ಭರವಸೆ ಕೊಟ್ಟರೆ, ನಮಸ್ಕಾರ ಹೇಳಿ ಬೇರೆಯವರನ್ನು ನೋಡಿ.

ಇದೆಲ್ಲದಕ್ಕೂ ಮುಂಚೆ ಒಂದು ಕೆಲಸ ಇದೆ. ಹೋದ ಪೇಪರಿನ ನಿಮ್ಮ ಉತ್ತರಪತ್ರಿಕೆಯ ನಕಲು ಪಡೆಯಿರಿ. ತನ್ನ ಮೌಲ್ಯಮಾಪನಗೊಂಡ ಉತ್ತರಪತ್ರಿಕೆ ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆ ಎಂದು ಸುಪ್ರೀಂ ಕೋರ್ಟ್ 2011ರ ಆದಿತ್ಯ ಬಂದೋಪಾಧ್ಯಾಯ ಪ್ರಕರಣದಲ್ಲಿ ಹೇಳಿದೆ. ವಿಶ್ವವಿದ್ಯಾಲಯದ್ದೇ ಅರ್ಜಿ ವಿಧಾನ, ಶುಲ್ಕ ಇದ್ದರೆ ಅದರಂತೆ ಹೋಗಿ, ಇಲ್ಲದಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ. ಪತ್ರಿಕೆಗಳನ್ನು ನಿಗದಿತ ಅವಧಿಯವರೆಗೆ ಮಾತ್ರ ಇಟ್ಟಿರುತ್ತಾರೆ, ಆದ್ದರಿಂದ ಈ ವಾರವೇ ಹಾಕಿ. ಆ ನಕಲನ್ನು ಮೊದಲ ತರಗತಿಗೆ ಒಯ್ದು ಮೇಷ್ಟ್ರ ಮುಂದಿಡಿ. ಅವರು ಪಾಠ ಶುರು ಮಾಡಬೇಕಾದದ್ದು ಅಲ್ಲಿಂದ.